‘ಸಿಗಲಿಲ್ಲ’ ಅನ್ನೋದು ಉತ್ತರವಲ್ಲ ಸ್ವಾಮಿ!

‘ಕಾಕನಕೋಟೆ ಬಗ್ಗೆ ನೆಟ್ಟಲ್ಲಿ ಏನೂ ಇಲ್ಲ, ಬರೀ ರೆಸಾರ್ಟು, ಸಫಾರಿ’ ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ. ಇಲ್ಲದಿರೋದು ಮಾಹಿತಿ ಅಲ್ಲ, ಹುಡುಕೋ ತಾಳ್ಮೆ. ಕೊನೆಗೆ ಮಾಸ್ತಿಯವರ ನಾಟಕವನ್ನೋ 1977ರ ಸಿನಿಮಾವನ್ನೋ ಇತಿಹಾಸ ಅಂತ ಬರೆದು ಕೈ ತೊಳ್ಕೊಳ್ತೀವಿ.

ನಾವು ಮಾಡೋದೇನು? ಗೂಗಲ್ಲಿಗೆ ಒಂದು ಪದ, ಒಂದೇ ಸ್ಪೆಲ್ಲಿಂಗು, ಮೊದಲ ಪುಟ... ಮುಗೀತು. ಆದರೆ ಬ್ರಿಟಿಷರ ಕಾಲದ ಇಂಗ್ಲಿಷ್ ಬರಹಗಳಲ್ಲಿ ಊರು ‘ಕಾಕನ್‌ಕೋಟೆ’ ಆಗಿರುತ್ತೆ, ಎಚ್.ಡಿ. ಕೋಟೆ ‘ಹೆಗ್ಗಡದೇವನ್‌ಕೋಟೆ’ ಆಗಿರುತ್ತೆ. ಆನೆ ಹಿಡಿಯೋ ಖೆಡ್ಡಾಕ್ಕೂ ಇಂಗ್ಲಿಷಿನಲ್ಲಿ ಎರಡು ಮೂರು ಸ್ಪೆಲ್ಲಿಂಗು. ಒಂದೊಂದನ್ನೂ ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಸ್ಯಾಂಡರ್ಸನ್‌ನ 1878ರ ಪುಸ್ತಕ, ರೈಸ್‌ನ 1897ರ ಮೈಸೂರು ಗೆಜೆಟಿಯರ್ ಎರಡೂ ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಬಿಟ್ಟಿ ಸಿಗುತ್ತವೆ. ಅಲ್ಲಿರೋ ಎಷ್ಟೋ ಹಳೇ ಕನ್ನಡ ಪುಸ್ತಕಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲಿದೆ. ಕನ್ನಡದಲ್ಲಿ ಟೈಪಿಸಿದರೆ ಕಾಣಲ್ಲ.

ಶೋಧಗಂಗಾದಲ್ಲೂ ಹಾಗೇ. ಸ್ಕ್ಯಾನ್ ಮಾಡಿದ, ಹಳೇ ಫಾಂಟಿನ ಕನ್ನಡ ಪ್ರಬಂಧದ ಒಳಗಿನ ಪದ ಹುಡುಕಿದರೆ ಸಿಗೋದು ಕಷ್ಟ. ವಿಶ್ವವಿದ್ಯಾಲಯ, ವಿಭಾಗ ಹಿಡಿದು ಪಟ್ಟಿ ನೋಡಿ. ಒಂದು ಒಳ್ಳೇ ಲೇಖನ ಸಿಕ್ಕಿತೋ, ಅದರ ಕೊನೆಯ ಗ್ರಂಥಸೂಚಿ ಹಿಡಿದು ಹಿಂದಕ್ಕೆ ಹೋಗಿ. ಅದನ್ನು ಆಮೇಲೆ ಯಾರ್ಯಾರು ಉಲ್ಲೇಖಿಸಿದ್ದಾರೆ ಅಂತ ಗೂಗಲ್ ಸ್ಕಾಲರ್ ತೋರಿಸುತ್ತೆ, ಮುಂದಕ್ಕೂ ಹೋಗಿ.

ಇದೆಲ್ಲ ಪಿಎಚ್.ಡಿ. ಮಾಡೋರ ಉಸಾಬರಿ ಅಂದ್ಕೊಂಡ್ರಾ? 2006ರ ಅರಣ್ಯ ಹಕ್ಕು ಕಾಯ್ದೆಯ 2008ರ ನಿಯಮಗಳಲ್ಲಿ 13ನೆಯದನ್ನು ಓದಿ. ಹಕ್ಕು ಕೇಳೋರು ಕೊಡಬಹುದಾದ ಸಾಕ್ಷ್ಯಗಳಲ್ಲಿ ಹಿರಿಯರ ಹೇಳಿಕೆಯ ಜೊತೆಗೆ ಗೆಜೆಟಿಯರ್, ಜನಗಣತಿ, ಹೆಸರಾಂತ ಸಂಸ್ಥೆಗಳ ಅಧ್ಯಯನ ಕೂಡ ಇವೆ. ಅಂದರೆ ನಾವು ‘ಸಿಗಲಿಲ್ಲ’ ಅಂತ ಬಿಟ್ಟ ಪುಟ, ಹುಣಸೂರು, ಕೋಟೆ ಕಡೆಯ ಹಾಡಿಯ ಜೇನುಕುರುಬರೊಬ್ಬರ ಅರ್ಜಿಗೆ ಲಗತ್ತಿಸೋ ಕಾಗದ ಆಗಬಹುದು. ‘ಏನೂ ದಾಖಲೆ ಇಲ್ಲ’ ಅಂತ ನಾವು ಸಲೀಸಾಗಿ ಬರೆದರೆ, ಅವರ ವಿರುದ್ಧ ನಾವೇ ಸಾಕ್ಷಿ ಹೇಳಿದ ಹಾಗೆ.

ಹೌದು, ಆ ಹಳೇ ಪುಸ್ತಕಗಳನ್ನ ಬರೆದವರು ಸಾಹೇಬರು. ಆನೆ, ಮರದ ಮೇಲಿದ್ದ ಕಣ್ಣು ಕಾಡಿನ ಜನರ ಮೇಲೆ ಅಷ್ಟಾಗಿ ಇರಲಿಲ್ಲ. ಅನುಮಾನದಿಂದಲೇ ಓದೋಣ, ಆದರೆ ಓದೋಣ.

ಮುಂದಿನ ಸಲ ಯಾರಾದರೂ ‘ಏನೂ ಇಲ್ಲ’ ಅಂದರೆ ನಾನು ಕೇಳೋದು ಒಂದೇ: ಎಷ್ಟು ಸ್ಪೆಲ್ಲಿಂಗಿನಲ್ಲಿ ಹುಡುಕಿದ್ರಿ?

ನೀವೇನಂತೀರಿ?