ಕಿರಾಯಿ ಯಾರು ಕೊಡುತ್ತಾರೆ?

ವಿದೇಶದ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ನೌಕರಿ ಸಿಕ್ಕರೆ ಹೋಗಬೇಕೇ ಎಂದು ಕೇಳುವ ನಮ್ಮ ಭಾಗದ ಹುಡುಗ ಹುಡುಗಿಯರಿಗೆ ನನ್ನ ಉತ್ತರ ಇಷ್ಟೇ: ಇರಲು ಮನೆ ಕೊಟ್ಟರೆ ಹೋಗಿ. ಕೊಡದಿದ್ದರೆ, ಪತ್ರದಲ್ಲಿ ಬರೆದ ಪಗಾರ ನಿಮ್ಮದೆಂದು ತಿಳಿಯಬೇಡಿ. ಅದರಲ್ಲಿ ದೊಡ್ಡ ಪಾಲು ಅಲ್ಲಿಯ ಮನೆ ಮಾಲೀಕನದು.

ಇದನ್ನು ಬರೆಯಲು ಹಚ್ಚಿದ್ದು ಅಂಕಣಕಾರರೊಬ್ಬರ ಇತ್ತೀಚಿನ ಲೇಖನ. 1983ರ ವಲಸೆ ಕಾಯ್ದೆಯ ಜಾಗಕ್ಕೆ ತರಲಿರುವ ಹೊಸ ಮಸೂದೆಯ ಕರಡನ್ನು ಕೇಂದ್ರ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕೆ ಇಟ್ಟಿತಲ್ಲ, ಅದನ್ನೇ ಎಳೆಯಾಗಿ ಹಿಡಿದು ಅವರು ವಾದ ಹೂಡಿದ್ದಾರೆ. ಕಲ್ಯಾಣ ಕರ್ನಾಟಕದ ಬಿ.ಇಡಿ. ಪದವೀಧರರು ಅತಿಥಿ ಶಿಕ್ಷಕರಾಗಿ 12,500 ರೂಪಾಯಿಗೆ ದುಡಿಯುವುದೇಕೆ, ಕೊಲ್ಲಿಯಲ್ಲಿ 80 ಸಾವಿರ ಕಾದಿರುವಾಗ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಇಡೀ ಲೇಖನದಲ್ಲಿ ಬಾಡಿಗೆ ಎಂಬ ಪದ ಒಮ್ಮೆಯೂ ಬಂದಿಲ್ಲ. ಕಲಬುರಗಿ ಜಿಲ್ಲೆಯ ಕಮಲಾಪುರದಲ್ಲಿ ಕೆಂಪು ಬಾಳೆ ಹಚ್ಚಿದ ರೈತ ಗೊನೆಯ ಬೆಲೆ ಕೇಳಿ ಲಾಭ ಎಣಿಸುವುದಿಲ್ಲ. ವರ್ಷಕ್ಕೂ ಮೀರಿ ಹೊಲದಲ್ಲಿ ನಿಲ್ಲುವ ಬೆಳೆ ಅದು, ಗೊಬ್ಬರ ಬೇಡುವ ಬೆಳೆ. ಎಲ್ಲವನ್ನೂ ಕಳೆದ ಮೇಲೆ ಉಳಿದದ್ದೇ ಅವನ ದುಡಿಮೆ. ಆ ರೈತನ ಮಗಳು ಶಾರ್ಜಾದ ಶಾಲೆಗೆ ಹೊರಟಾಗ ಮಾತ್ರ ನಾವು ಗೊನೆಯ ಬೆಲೆಯಷ್ಟನ್ನೇ ಹೇಳಿ ಕಳಿಸುತ್ತೇವೆ.

ಯಾರೂ ಕಣ್ಣೆತ್ತಿ ನೋಡದ ಒಂದು ಲೆಕ್ಕ ಸಂಯುಕ್ತ ಅರಬ್ ಸಂಸ್ಥಾನದ ಕಾನೂನಿನಲ್ಲೇ ಇದೆ. 2019ರಿಂದ ಅಲ್ಲಿಯ ನಿಯಮದ ಪ್ರಕಾರ, ನೌಕರಿಗೆ ಹೋದವರು ಹೆಂಡತಿ ಅಥವಾ ಗಂಡನನ್ನು, ಮಕ್ಕಳನ್ನು ತಮ್ಮ ಹೆಸರಿನಲ್ಲಿ ಕರೆಸಿಕೊಳ್ಳಬೇಕಾದರೆ ತಿಂಗಳ ಸಂಬಳ 4,000 ದಿರ್ಹಂ ಇರಬೇಕು. ಇಲ್ಲವೇ 3,000 ದಿರ್ಹಂ ಮತ್ತು ವಸತಿ. ಮನೆಗೆ ಕನಿಷ್ಠ ಸಾವಿರ ದಿರ್ಹಂ ಬೆಲೆ ಇದೆ ಎಂದು ಆ ಸರ್ಕಾರವೇ ಬರೆದುಕೊಟ್ಟಂತಾಯಿತು. ಅಲ್ಲಿಯ ಭಾರತೀಯ ಪಠ್ಯಕ್ರಮದ ಶಾಲೆಗಳಲ್ಲಿ ಹೊಸದಾಗಿ ಸೇರುವ ಶಿಕ್ಷಕರಿಗೆ ಸಾಮಾನ್ಯವಾಗಿ ಸಿಗುವುದು 3,000ದಿಂದ 4,000 ದಿರ್ಹಂ. ಅಂದರೆ ನಮ್ಮವರು ಹೋಗಿ ನಿಲ್ಲುವುದು ಸರಿಯಾಗಿ ಆ ಗೆರೆಯ ಮೇಲೆ. 3,500ಕ್ಕೆ ಸಹಿ ಹಾಕಿದ ಇಬ್ಬರನ್ನು ತೆಗೆದುಕೊಳ್ಳಿ. ಶಾಲೆಯೇ ವಸತಿ ಕೊಟ್ಟವಳು ಮಗುವನ್ನು ಕರೆಸಿಕೊಳ್ಳಬಲ್ಲಳು. ವಸತಿ ಇಲ್ಲದವಳು ಅದೇ ಪಗಾರದಲ್ಲಿ ಮಗುವನ್ನು ತವರಿನಲ್ಲಿ ಬಿಟ್ಟು ಹೋಗಬೇಕು.

ಒಂದು ದಿರ್ಹಂಗೆ 23 ರೂಪಾಯಿಯಂತೆ 3,500 ದಿರ್ಹಂ ಎಂದರೆ 80,500 ರೂಪಾಯಿ. ಶಾರ್ಜಾಕ್ಕೆ ಒಬ್ಬಳೇ ಹೋಗಿ, ನಾಲ್ಕಾರು ಜನರ ಕೋಣೆಯಲ್ಲಿ ಒಂದು ಮಂಚದ ಜಾಗ ಹಿಡಿದಳು ಅನ್ನಿ. ಅದಕ್ಕೆ 800, ಊಟಕ್ಕೆ 600, ಬಸ್ಸು ಮತ್ತು ಫೋನಿಗೆ 200 ಹಿಡಿದರೂ 1,900 ದಿರ್ಹಂ, ಅಂದರೆ 43,700 ರೂಪಾಯಿ ಉಳಿಯುತ್ತದೆ. ಗಂಡನಿಗೂ ಅಲ್ಲೇ ನೌಕರಿ ಸಿಕ್ಕಿ ಸಂಸಾರ ಹೂಡಿದರೆ ಲೆಕ್ಕವೇ ಬೇರೆ. ಒಂದು ಬೆಡ್‌ರೂಮಿನ ಮನೆಗೆ ವರ್ಷಕ್ಕೆ 30,000 ದಿರ್ಹಂ ಎಂದುಕೊಂಡರೂ ತಿಂಗಳಿಗೆ 2,500 ಆಯಿತು. ಅವಳ ಪಗಾರದಲ್ಲಿ ಉಳಿದದ್ದು ಸಾವಿರ ದಿರ್ಹಂ. ಅಲ್ಲಿ ಬಾಡಿಗೆಯನ್ನು ತಿಂಗಳು ತಿಂಗಳು ಕೊಡುವ ರೂಢಿಯೂ ಕಡಿಮೆ, ವರ್ಷದ ಮೊತ್ತವನ್ನು ಕೆಲವೇ ಚೆಕ್‌ಗಳಲ್ಲಿ ಮುಂಗಡವಾಗಿ ಬರೆದುಕೊಡಬೇಕು. ಮೊದಲ ಪಗಾರ ಕೈಗೆ ಬರುವ ಮುನ್ನವೇ ಆ ಚೆಕ್ಕಿಗೆ ಹಣ ಎಲ್ಲಿಂದ ತರುವುದು? ತಾಯಿಯ ಬಂಗಾರವೇ ಗತಿ.

ಇನ್ನೊಂದು ಮಾತು. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ, ಮೊದಲ ಐದು ವರ್ಷಕ್ಕೆ ವರ್ಷವೊಂದಕ್ಕೆ 21 ದಿನದ ಸಂಬಳ, ಲೆಕ್ಕವಾಗುವುದು ಮೂಲ ವೇತನದ ಮೇಲೆ. 3,500 ಎಂದು ದಪ್ಪ ಅಕ್ಷರದಲ್ಲಿ ಬರೆದು, ಕೆಳಗೆ ಮೂಲ ವೇತನ 1,500 ಎಂದು ಸಣ್ಣದಾಗಿ ಬರೆದಿದ್ದರೆ ಗ್ರಾಚ್ಯುಟಿ 1,500ರ ಮೇಲೆಯೇ.

ಹಾಗಾದರೆ ಹೋಗಲೇಬಾರದೇ? ನಾನು ಹಾಗೆ ಹೇಳಲಾರೆ, ಏಕೆಂದರೆ ಇಲ್ಲಿಯ ಲೆಕ್ಕ ಇನ್ನೂ ಕೆಟ್ಟದು. 2025ರ ಬಜೆಟ್‌ನಲ್ಲಿ 2,000 ರೂಪಾಯಿ ಹೆಚ್ಚಿಸಿದ ಮೇಲೂ ಪ್ರೌಢಶಾಲೆಯ ಅತಿಥಿ ಶಿಕ್ಷಕರಿಗೆ ಸಿಗುವುದು 12,500. ಹತ್ತು ತಿಂಗಳು ಸಿಕ್ಕಿತೆಂದರೆ ವರ್ಷಕ್ಕೆ 1,25,000. ಹೊಟ್ಟೆ ಮತ್ತು ಕಿರಾಯಿ ಮಾತ್ರ ಹನ್ನೆರಡು ತಿಂಗಳೂ ಇರುತ್ತವೆ. ಕಲಬುರಗಿ ನಗರದಲ್ಲಿ ತಿಂಗಳಿಗೆ 4,000ದ ಒಂದು ಕೋಣೆ ಹಿಡಿದು ಕಮಲಾಪುರದ ಕಡೆಗೆ ದಿನವೂ ಓಡಾಡುವವರಿಗೆ ಕಿರಾಯಿಗೇ ವರ್ಷಕ್ಕೆ 48,000 ಹೋಯಿತು. ಉಳಿದದ್ದು ತಿಂಗಳಿಗೆ ಸುಮಾರು 6,400. ಊಟಕ್ಕೆ 3,000 ತೆಗೆದರೆ 3,400. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ. ಗಂಡಸರಾದರೆ ಆ 3,400ರಲ್ಲೇ ಟಿಕೆಟ್ಟು. ಶಾರ್ಜಾದ ಹಂಚಿಕೊಂಡ ಕೋಣೆಯ ಬಾಳು ಕೂಡ ಇದಕ್ಕಿಂತ ಹನ್ನೆರಡು ಪಟ್ಟು ಹೆಚ್ಚು ಉಳಿಸುತ್ತದೆ. ಹೋಗುವವರನ್ನು ತಡೆಯುವ ನೈತಿಕ ಹಕ್ಕು ಯಾರಿಗೂ ಇಲ್ಲ. ಪೂರ್ತಿ ಲೆಕ್ಕ ಹೇಳದೆ ಕಳಿಸುವ ಹಕ್ಕೂ ಇಲ್ಲ.

ಮನೆ ಕೊಟ್ಟರೆ ಹೋಗಿ ಎಂದೆನಲ್ಲ, ಅಂಥ ಬಾಗಿಲು ಇದೆಯೇ? ಇದೆ, ಆದರೆ ಅದರ ಸುದ್ದಿ ಬೀದರ್–ಕಲಬುರಗಿ ಕಡೆ ತಲುಪಿಲ್ಲ. ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಕಲಿಸುವ ಇ-2 ವೀಸಾ ಸಾಮಾನ್ಯವಾಗಿ ಏಳು ದೇಶಗಳವರಿಗೆ ಮೀಸಲು: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. 2009ರ ಆಗಸ್ಟ್‌ನಲ್ಲಿ ಭಾರತ–ಕೊರಿಯಾ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದಕ್ಕೆ ಸಹಿ ಬಿದ್ದಾಗ ಭಾರತೀಯರಿಗೂ ಒಂದು ಕಿಂಡಿ ತೆರೆಯಿತು. ಇಂಗ್ಲಿಷ್ ಪದವಿ ಮತ್ತು ಶಿಕ್ಷಕರ ಅರ್ಹತೆ ಇದ್ದವರು ಅಲ್ಲಿಯ ಶಾಲೆಗಳಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಬಹುದು. ಒಪ್ಪಂದ ಜಾರಿಯಾದದ್ದು 2010ರ ಜನವರಿ 1ರಂದು. ಅಲ್ಲಿಯ ಸರ್ಕಾರಿ ಶಾಲೆಗಳಿಗೆ ಶಿಕ್ಷಕರನ್ನು ತರಿಸುವ ಎಪಿಕ್ ಕಾರ್ಯಕ್ರಮದಲ್ಲಿ ಪಗಾರ 20 ಲಕ್ಷ ವೊನ್‌ಗಿಂತ ಮೇಲೆ. ವೊನ್‌ಗೆ ಆರು ಪೈಸೆಯಂತೆ 1.2 ಲಕ್ಷ ರೂಪಾಯಿ ದಾಟುತ್ತದೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಮುಂದಿನ ಸಾಲು: ಮನೆ ಅವರದೇ. ಆ ಮನೆ ಬೇಡವೆಂದರೆ ತಿಂಗಳಿಗೆ 4 ಲಕ್ಷ ವೊನ್ ಬೇರೆಯಾಗಿ ಕೊಡುತ್ತಾರೆ. ಹೊರಗಿನಿಂದ ಬಂದ ಶಿಕ್ಷಕ ಮೊದಲ ರಾತ್ರಿ ಎಲ್ಲಿ ಮಲಗುತ್ತಾನೆ ಎಂದು ಯೋಚಿಸಿದವರು ಬರೆದ ಕರಾರು ಅದು.

ಪೈಪೋಟಿ ಜೋರಾಗಿದೆ, ಉಚ್ಚಾರಣೆಯ ಬಗೆಗಿನ ಪೂರ್ವಗ್ರಹವೂ ಇದೆ ಎಂಬುದನ್ನು ಒಪ್ಪುತ್ತೇನೆ. ಆದರೂ ಇಂಗ್ಲಿಷ್ ಮೇಜರ್ ಮಾಡಿ ಬಿ.ಇಡಿ. ಮುಗಿಸಿದವರು ನಮ್ಮಲ್ಲಿ ಕಡಿಮೆಯೇ? ಈ ಒಪ್ಪಂದದ ಹೆಸರನ್ನಾದರೂ ಬಿ.ಇಡಿ. ತರಗತಿಯಲ್ಲಿ ಒಮ್ಮೆ ಹೇಳಬಾರದೇ?

ಸರ್ಕಾರವೇ ಮುಂದೆ ನಿಂತು ಕಳಿಸುವ ನೌಕರಿಗಳಲ್ಲಿ ಇಂಗ್ಲಿಷ್‌ನವರಿಗೆ ಬೇಡಿಕೆ ಅಷ್ಟಕ್ಕಷ್ಟೇ ಎಂಬುದನ್ನೂ ಮುಚ್ಚಿಡಬಾರದು. ಕೇಂದ್ರದ ಎಡ್‌ಸಿಲ್ ಸಂಸ್ಥೆ ಭೂತಾನ್‌ಗೆ 100 ಸ್ನಾತಕೋತ್ತರ ಶಿಕ್ಷಕರನ್ನು ತಿಂಗಳಿಗೆ 1.4 ಲಕ್ಷ ರೂಪಾಯಿಗೆ ಕರೆದಾಗ ಕೇಳಿದ್ದು ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಕಂಪ್ಯೂಟರ್‌ನವರನ್ನು. ಇಂಗ್ಲಿಷ್ ಶಿಕ್ಷಕರು ಹೆಚ್ಚಾಗಿ ಹೋಗುವುದು ಖಾಸಗಿ ಶಾಲೆಗಳಿಗೆ, ಖಾಸಗಿ ಏಜೆಂಟರ ಮೂಲಕ. ಇಲ್ಲೇ ಕಾನೂನಿನ ದೊಡ್ಡ ತೂತು ಇರುವುದು. ಹತ್ತನೇ ತರಗತಿ ಪಾಸಾದವರ ಪಾಸ್‌ಪೋರ್ಟ್‌ಗೆ ವಲಸೆ ಅನುಮತಿ ಬೇಕಿಲ್ಲ. ಓದು ಕಡಿಮೆ ಇರುವ ಕಟ್ಟಡ ಕಾರ್ಮಿಕನ ಕರಾರನ್ನು, ಅವನಿಗೆ ಸಿಗಬೇಕಾದ ಕನಿಷ್ಠ ಕೂಲಿಯನ್ನು ಸರ್ಕಾರ ನೋಡಿ ಕಳಿಸುತ್ತದೆ. ಎಂ.ಎ., ಬಿ.ಇಡಿ. ಮಾಡಿದವಳ ಕರಾರನ್ನು ಯಾರೂ ನೋಡುವುದಿಲ್ಲ. ಓದಿದವಳು ತಾನೇ ನೋಡಿಕೊಳ್ಳುತ್ತಾಳೆ ಎಂಬ ನಂಬಿಕೆ ಇದರ ಹಿಂದಿದೆ. ನರ್ಸ್‌ಗಳ ವಿಷಯದಲ್ಲಿ ಈ ನಂಬಿಕೆ ಮುರಿದುಬಿತ್ತು. ಅವರಿಂದ ಲಕ್ಷಗಟ್ಟಲೆ ಸುಲಿದ ಪ್ರಕರಣಗಳು ಹೊರಬಂದ ಮೇಲೆ 2015ರಲ್ಲಿ ಕೇಂದ್ರವು ಕೊಲ್ಲಿ ಸೇರಿದಂತೆ 18 ದೇಶಗಳಿಗೆ ಹೋಗುವ ನರ್ಸ್‌ಗಳಿಗೆ, ಅವರ ಓದು ಎಷ್ಟೇ ಇರಲಿ, ವಲಸೆ ಅನುಮತಿ ಕಡ್ಡಾಯ ಮಾಡಿತು. ನೇಮಕಾತಿಯನ್ನು ಕೇರಳದ ನೋರ್ಕಾ ರೂಟ್ಸ್, ಒಡೆಪೆಕ್‌ನಂಥ ಸರ್ಕಾರಿ ಸಂಸ್ಥೆಗಳ ಕೈಗೆ ಕೊಟ್ಟಿತು.

ಶಿಕ್ಷಕರಿಗೂ ಅದನ್ನೇ ಮಾಡಿ. ಹೊಸ ಮಸೂದೆಯಿಂದ ನನಗೆ ಬೇಕಿರುವುದು ಇದೊಂದೇ. ನಮ್ಮ ರಾಜ್ಯದಲ್ಲಿ ಕೌಶಲಾಭಿವೃದ್ಧಿ ನಿಗಮದ ಅಡಿಯಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ಹೊರಡುವ ಶಿಕ್ಷಕರ ಕರಾರನ್ನು ಅದು ಓದಿ ನೋಡಲಿ, ವಸತಿಯ ಸಾಲು ಖಾಲಿ ಇದ್ದರೆ ವಾಪಸು ಕಳಿಸಲಿ. ಏಜೆಂಟರು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಒಟ್ಟು 35,400ಕ್ಕಿಂತ ಒಂದು ಪೈಸೆಯನ್ನೂ ಹೆಚ್ಚಿಗೆ ಪಡೆಯುವಂತಿಲ್ಲ ಎಂಬುದನ್ನು ಪ್ರತಿ ಬಿ.ಇಡಿ. ಕಾಲೇಜಿನ ಗೋಡೆಯ ಮೇಲೆ ಬರೆಸಲಿ.

ಇಷ್ಟು ಹೇಳಿ ಮನೆಯ ಮಾತು ಬಿಡಲಾರೆ. ಪಗಾರ ಬೇರೆ, ಕಿರಾಯಿ ಬೇರೆ ಎಂಬುದು ಕರ್ನಾಟಕ ಸರ್ಕಾರಕ್ಕೆ ಗೊತ್ತಿಲ್ಲದ ಸಂಗತಿಯೇನಲ್ಲ. 2024ರ ಆಗಸ್ಟ್‌ನಿಂದ ಜಾರಿಯಾದ ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಕಾಯಂ ನೌಕರರಿಗೆ ಊರಿನ ಜನಸಂಖ್ಯೆ ನೋಡಿ ಮೂಲ ವೇತನದ ಶೇ 20, ಶೇ 15 ಅಥವಾ ಶೇ 7.5ರಷ್ಟು ಮನೆ ಬಾಡಿಗೆ ಭತ್ಯೆ ಇದೆ. ಐದು ಲಕ್ಷ ಜನಸಂಖ್ಯೆ ದಾಟಿದ ಕಲಬುರಗಿ ನಗರಕ್ಕೆ ಶೇ 15, ಕಮಲಾಪುರಕ್ಕೆ ಶೇ 7.5. ಮೂಲ ವೇತನ 50,000 ಇರುವ ಶಿಕ್ಷಕ ನಗರದಿಂದ ಕಮಲಾಪುರಕ್ಕೆ ವರ್ಗವಾದರೆ ತಿಂಗಳಿಗೆ 3,750 ಕಳೆದುಕೊಳ್ಳುತ್ತಾನೆ, ಮಕ್ಕಳ ಓದಿಗಾಗಿ ಮನೆಯನ್ನು ಮಾತ್ರ ನಗರದಲ್ಲೇ ಇಟ್ಟುಕೊಂಡಿರುತ್ತಾನೆ. ಹಳ್ಳಿಗೆ ಹೋಗುವವನ ಕೈಯಿಂದ ಕಿತ್ತುಕೊಳ್ಳುವ ಈ ಪದ್ಧತಿ ನನಗೆ ಎಂದೂ ಅರ್ಥವಾಗಿಲ್ಲ. ಅತಿಥಿ ಶಿಕ್ಷಕರಿಗಂತೂ ಆ ಭತ್ಯೆಯ ಸಾಲೇ ಇಲ್ಲ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ 91.12, ಕಲಬುರಗಿ ಶೇ 42.43, ರಾಜ್ಯದಲ್ಲೇ ಕೊನೆ. ಇಂಗ್ಲಿಷ್ ಕಲಿಸುವವರು ಊರು ಬಿಡುವುದನ್ನು ನೋಡುತ್ತ ಕೂರುವ ಸ್ಥಿತಿಯಲ್ಲಿ ಈ ಜಿಲ್ಲೆ ಇಲ್ಲ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಘೋಷಿಸುತ್ತಾರೆ. ಹಳ್ಳಿ ಶಾಲೆಗಳ ಸಾವಿರ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಹತ್ತು ತಿಂಗಳು ಮನೆ ಬಾಡಿಗೆ ಕೊಟ್ಟರೆ ತಗಲುವುದು 3 ಕೋಟಿ. ನೂರು ರೂಪಾಯಿಯಲ್ಲಿ ಆರು ಪೈಸೆ.

ಈ ಬರಹದ ನಡುವೆಯೇ ಕಮಲಾಪುರ ತಾಲ್ಲೂಕಿನ ಒಬ್ಬ ಅತಿಥಿ ಶಿಕ್ಷಕಿ ಕೊಲ್ಲಿಯ ಶಾಲೆಯೊಂದರಿಂದ ತನಗೆ ಬಂದ ಕರಾರು ಪತ್ರ ಹಿಡಿದು ಮನೆಗೆ ಬಂದಿದ್ದಳು. "ಪಗಾರ 3,200 ಅಂತ ಬರ್ದಾರ್ರಿ ಸರ, ರೂಮಿಂದು ಏನೂ ಬರ್ದಿಲ್ರಿ" ಎಂದಳು. ಇಬ್ಬರೂ ಕುಳಿತು ಆ ಶಾಲೆಗೆ ಒಂದು ಇಮೇಲ್ ಬರೆದೆವು, ವಸತಿ ಯಾರದು ಎಂಬ ಒಂದೇ ಪ್ರಶ್ನೆ. ಉತ್ತರ ಬರುವವರೆಗೆ ಸಹಿ ಹಾಕುವುದಿಲ್ಲ ಎಂದು ಪತ್ರ ಮಡಚಿ ಚೀಲದಲ್ಲಿಟ್ಟುಕೊಂಡು, ಮರುದಿನ ಬೆಳಿಗ್ಗೆ ಕ್ಲಾಸಿದೆಯೆಂದು ಕೊನೆಯ ಬಸ್ಸಿಗೆ ಹೊರಟಳು.