ಗೋಡೆ ಮೇಲಿನ ಪೆಟ್ಟಿಗೆಗೆ ಯಜಮಾನ ಯಾರು?

ಮನೆ ಬೆಚ್ಚಗಿತ್ತು. ಮೋಸ ಇದ್ದದ್ದೇ ಅಲ್ಲಿ!

ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯ. ರಾಲಿ ನಗರದ ಪಕ್ಕದ ಕ್ಯಾರಿ ಎಂಬ ಊರು. ಅಲ್ಲಿ ನನ್ನ ತಮ್ಮನ ಮನೆ. ಅವನು ಸಾಫ್ಟ್‌ವೇರ್ ಇಂಜಿನಿಯರ್. ನಾನು ಪೀಣ್ಯದಲ್ಲಿ ಇಪ್ಪತ್ತು ವರ್ಷ ಎ.ಸಿ. ರಿಪೇರಿ ಮಾಡಿ ಕೈ ಕಪ್ಪು ಮಾಡಿಕೊಂಡವನು. ಒಂದು ಚಳಿಗಾಲಕ್ಕೆ ಅಮ್ಮನನ್ನೂ ನನ್ನನ್ನೂ ಟಿಕೆಟ್ ಕಳಿಸಿ ಕರೆಸಿಕೊಂಡಿದ್ದ. ಜನವರಿಯ ಕರೆಂಟ್ ಬಿಲ್ ಬಂತು. ಹಿಂದಿನ ವರ್ಷ ಅದೇ ತಿಂಗಳು ಬಂದದ್ದರ ಎರಡು ಪಟ್ಟಿಗೂ ಹೆಚ್ಚು!

"ಇಲ್ಲಿ ಚಳಿಗಾಲ ಅಂದ್ರೆ ಹೀಗೇ ಕಣಣ್ಣ" ಎಂದ ತಮ್ಮ. ಬಿಲ್ ಕಟ್ಟಿ ಸುಮ್ಮನಾದ.

ನಾನು ಸುಮ್ಮನಾಗಲಿಲ್ಲ. ಬೆಳಗ್ಗೆ ಮನೆ ಹಿಂದೆ ಹೋಗಿ ನೋಡಿದೆ. ಒಳಗೆ ಬಿಸಿ ಗಾಳಿ ಭರ್ರೆಂದು ಬರುತ್ತಿದೆ. ಹೊರಗಿನ ಯಂತ್ರ ಮಾತ್ರ ಸತ್ತಂತೆ ಕೂತಿದೆ. ಫ್ಯಾನ್ ತಿರುಗುತ್ತಿಲ್ಲ, ಕಂಪ್ರೆಸರ್ ಸದ್ದಿಲ್ಲ. ಹಾಗಾದರೆ ಈ ಬಿಸಿ ಎಲ್ಲಿಂದ ಬರುತ್ತಿದೆ ಸ್ವಾಮಿ?

ಶಾಖ ಹೊರುವ ಯಂತ್ರ, ಶಾಖ ಸುಡುವ ಕಾಯಿಲ್

ಗೆಳೆಯರೇ, ಹೀಟ್ ಪಂಪ್ ಅಂದರೆ ದೇವಲೋಕದ ವಸ್ತುವಲ್ಲ. ನಿಮ್ಮ ಮನೆಯ ಎ.ಸಿ. ಇದೆಯಲ್ಲ, ಅದು ಕೋಣೆಯ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ. ಅದೇ ಎ.ಸಿ.ಗೆ ಒಂದು ವಾಲ್ವ್ ಜೋಡಿಸಿ ಗ್ಯಾಸಿನ ದಿಕ್ಕು ತಿರುಗಿಸಿದರೆ ಹೊರಗಿನ ಶಾಖವನ್ನು ಹೊತ್ತು ಒಳಗೆ ತರುತ್ತದೆ. ಹೊರಗೆ ಸೊನ್ನೆ ಡಿಗ್ರಿ ಸೆಲ್ಸಿಯಸ್ ಇದ್ದರೂ ಆ ಗಾಳಿಯಲ್ಲಿ ಶಾಖ ಇದ್ದೇ ಇರುತ್ತದೆ. ಈ ಯಂತ್ರ ಶಾಖವನ್ನು ಹುಟ್ಟಿಸುವುದಿಲ್ಲ, ಹೊರುತ್ತದೆ. ಅದಕ್ಕೇ ಒಂದು ಯೂನಿಟ್ ಕರೆಂಟಿಗೆ ಎರಡು ಮೂರು ಯೂನಿಟ್‌ನಷ್ಟು ಶಾಖ ಕೊಡುತ್ತದೆ.

ವಿಪರೀತ ಚಳಿಯಲ್ಲಿ ಇದು ಸಾಲದೇ ಹೋದರೆ ಇರಲಿ ಎಂದು ಒಳಗೆ ಒಂದು ಕರೆಂಟ್ ಕಾಯಿಲ್ ಇಟ್ಟಿರುತ್ತಾರೆ. ಬಕೆಟ್ ನೀರಿಗೆ ಮುಳುಗಿಸುವ ಕಾಯಿಲ್‌ನ ದೊಡ್ಡಪ್ಪ ಅದು! ಅದು ಒಂದು ಯೂನಿಟ್ ತಿಂದರೆ ಒಂದೇ ಯೂನಿಟ್ ಶಾಖ. ೧೦ ಕಿಲೋವಾಟ್‌ನ ಕಾಯಿಲ್ ಒಂದು ಗಂಟೆ ಉರಿದರೆ ೧೦ ಯೂನಿಟ್ ಸ್ವಾಹಾ.

ಯಾವಾಗ ಹೊರುವ ಯಂತ್ರ ಓಡಬೇಕು, ಯಾವಾಗ ಸುಡುವ ಕಾಯಿಲ್ ಉರಿಯಬೇಕು? ಇದನ್ನು ತೀರ್ಮಾನಿಸುವುದು ಗೋಡೆ ಮೇಲಿನ ಪೆಟ್ಟಿಗೆ. ಅದೇ ಥರ್ಮೋಸ್ಟಾಟ್. ಅಂಗೈ ಅಗಲದ ಈ ಪೆಟ್ಟಿಗೆ ತಪ್ಪಿದರೆ ಸಾವಿರಾರು ಡಾಲರಿನ ಯಂತ್ರವೂ ದಂಡ.

ತಮ್ಮನ ಮನೆಯಲ್ಲಿ ಆದದ್ದು ಅದೇ. ಅಕ್ಟೋಬರಿನಲ್ಲಿ ಹಳೆಯ ಪೆಟ್ಟಿಗೆ ಕೆಟ್ಟಿತ್ತು. ರಿಪೇರಿಗೆ ಬಂದವನು ಅಗ್ಗದ ಇನ್ನೊಂದನ್ನು ನೇತುಹಾಕಿ ದುಡ್ಡು ಎಣಿಸಿಕೊಂಡು ಹೋಗಿದ್ದ. ಅದು ಮಾಮೂಲಿ ಫರ್ನೇಸ್‌ಗೆ ಮಾಡಿದ ಪೆಟ್ಟಿಗೆ. ಹೀಟ್ ಪಂಪಿನ ದಿಕ್ಕು ತಿರುಗಿಸುವ ತಂತಿಗೆ ಅದರಲ್ಲಿ ಜಾಗವೇ ಇಲ್ಲ! ಆ ಪುಣ್ಯಾತ್ಮ ಆ ತಂತಿಗೆ ಟೇಪ್ ಸುತ್ತಿ ಗೋಡೆಯೊಳಗೆ ತುರುಕಿದ್ದ. ಕಾಯಿಲ್‌ನ ತಂತಿಯನ್ನು ಮುಖ್ಯ ಹೀಟಿಂಗ್ ಜಾಗಕ್ಕೆ ಸಿಕ್ಕಿಸಿದ್ದ. ಚಳಿಗಾಲವಿಡೀ ಸುಟ್ಟದ್ದು ಕಾಯಿಲ್ ಒಂದೇ. ಬೇಸಿಗೆ ಬಂದಿದ್ದರೆ ತಂಪು ಕೇಳಿದಾಗ ಬಿಸಿ ಗಾಳಿ ಬಂದು ಗುಟ್ಟು ರಟ್ಟಾಗುತ್ತಿತ್ತು. ಚಳಿಗಾಲದಲ್ಲಿ ಮನೆ ಬೆಚ್ಚಗಿತ್ತಲ್ಲ, ಯಾರಿಗೆ ಅನುಮಾನ ಬರಬೇಕು?

ತಂತಿ ಮೊದಲು, ಅಂದ ಆಮೇಲೆ

ಹೊಸ ಪೆಟ್ಟಿಗೆ ಬೇಕಾಯಿತು. ತಮ್ಮ ಫೋನ್ ಹಿಡಿದು ಚಿತ್ರ ತೋರಿಸತೊಡಗಿದ. ಗಾಜಿನ ಮುಖ, ಬಣ್ಣದ ಬೆಳಕು, ಮಾತಾಡಿದರೆ ಕೇಳುವ ಕಿವಿ! ನಾನು ಹೇಳಿದೆ: "ಮೊದಲು ಗೋಡೆ ಬಿಚ್ಚು, ಆಮೇಲೆ ಅಂಗಡಿಗೆ ಹೋಗು."

ನಿಮ್ಮಲ್ಲಿ ಎಷ್ಟೋ ಜನ ನಾಳೆ ಅಲ್ಲಿಗೆ ಹೋಗುವವರು. ಈಗಾಗಲೇ ಅಣ್ಣನೋ ಅಕ್ಕನೋ ಅಲ್ಲಿರುವವರು. ಆದ್ದರಿಂದ ಕೇಳಿ.

ಬ್ರೇಕರ್ ಆರಿಸಿ ಹಳೆ ಪೆಟ್ಟಿಗೆಯ ಮುಖ ತೆಗೆದಾಗ ದಪ್ಪ ತಂತಿ ಕಂಡರೆ, ೧೨೦ ಅಥವಾ ೨೪೦ ವೋಲ್ಟ್ ಎಂದು ಬರೆದಿದ್ದರೆ ಅಲ್ಲೇ ನಿಲ್ಲಿಸಿ. ಅದು ಬೇರೆ ಜಾತಿಯ ಹೀಟರ್. ಕೈ ಹಾಕಬೇಡಿ, ಲೈಸೆನ್ಸ್ ಇರುವವರನ್ನು ಕರೆಯಿರಿ. ಸಣ್ಣ ಸಣ್ಣ ಬಣ್ಣದ ತಂತಿ ಕಂಡರೆ ಅದು ಸಾಮಾನ್ಯವಾಗಿ ೨೪ ವೋಲ್ಟ್. ಅಲ್ಲಿ ಕಾಣುವ ಇಂಗ್ಲಿಷ್ ಅಕ್ಷರಗಳ ಅರ್ಥ ಇಷ್ಟೇ: 'ಆರ್' ಅಂದರೆ ಕರೆಂಟ್ ಬರುವ ದಾರಿ. 'ಸಿ' ಅಂದರೆ ಅದು ಹಿಂದಿರುಗುವ ದಾರಿ. 'ವೈ' ಕಂಪ್ರೆಸರ್. 'ಜಿ' ಒಳಗಿನ ಫ್ಯಾನ್. 'ಓ' ಅಥವಾ 'ಬಿ' ದಿಕ್ಕು ತಿರುಗಿಸುವ ವಾಲ್ವ್. 'ಆಕ್ಸ್' ಅಥವಾ 'ಡಬ್ಲ್ಯು ೨' ಅಂದರೆ ಆ ಕಾಯಿಲ್ ರಾಕ್ಷಸ.

ನೀವು ಕೊಳ್ಳುವ ಪೆಟ್ಟಿಗೆಯಲ್ಲಿ ವಾಲ್ವಿಗೂ ಕಾಯಿಲಿಗೂ ಬೇರೆ ಬೇರೆ ಜಾಗ ಇರಲೇಬೇಕು. ನಿಮ್ಮ ಕಂಪ್ರೆಸರ್ ಎಷ್ಟು ಹಂತದ್ದೋ ಅಷ್ಟು ಹಂತವನ್ನು ಅದು ನಡೆಸಬೇಕು. 'ಸಿ' ತಂತಿ ಇದೆಯೇ ನೋಡಿ. ಇಂಟರ್‌ನೆಟ್ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಅದಿಲ್ಲದೆ ಸರಿಯಾಗಿ ಉಸಿರಾಡುವುದಿಲ್ಲ. ಹೊರಗೆ ಇಷ್ಟು ಡಿಗ್ರಿಗಿಂತ ಬೆಚ್ಚಗಿದ್ದರೆ ಕಾಯಿಲ್ ಉರಿಯಕೂಡದು ಎಂದು ಕಟ್ಟಪ್ಪಣೆ ಮಾಡುವ ಸೌಲಭ್ಯ ಇದೆಯೇ? ಇದು ಬಹಳ ಮುಖ್ಯ. ಹೊರಗಿನ ಉಷ್ಣತೆ ತಿಳಿಯಲು ಅದಕ್ಕೆ ತಂತಿಯ ಸೆನ್ಸರ್ ಬೇಕು, ಇಲ್ಲವೇ ಇಂಟರ್‌ನೆಟ್ ಬೇಕು.

ಇನ್ನೊಂದು ಮಾತು. ಗೋಡೆಗೆ ನೇತುಹಾಕುವ ಸ್ಪ್ಲಿಟ್ ಹೀಟ್ ಪಂಪ್‌ಗಳೂ ಎಷ್ಟೋ ಇನ್‌ವರ್ಟರ್ ಹೀಟ್ ಪಂಪ್‌ಗಳೂ ತಮ್ಮ ಕಂಪನಿಯ ಪೆಟ್ಟಿಗೆಯ ಜೊತೆ ಮಾತ್ರ ಮಾತಾಡುತ್ತವೆ. ಇನ್‌ವರ್ಟರ್ ಅಂದರೆ ವೇಗ ಏರಿಸಿ ಇಳಿಸಿ ಓಡುವ ಯಂತ್ರ. ಅದಕ್ಕೆ 'ಓಡು, ನಿಲ್ಲು' ಎಂಬ ಎರಡೇ ಮಾತು ಬಲ್ಲ ಪೆಟ್ಟಿಗೆ ಕಟ್ಟಿದರೆ ಆ ಗುಣದ ಬಹುಪಾಲು ಕಳೆದುಹೋಗಬಹುದು. ಓಟದ ಕುದುರೆಯನ್ನು ಗಾಣಕ್ಕೆ ಕಟ್ಟಿದ ಹಾಗೆ.

ಬೇರೆಯವರ ಕೈಯಲ್ಲಿ ನಮ್ಮ ಗುಂಡಿ

"ಫೋನಿಂದ ನಡೆಸೋದು ಬೇಡ್ವಾ ಹಾಗಾದ್ರೆ?" ಎಂದ ತಮ್ಮ. ಬೇಡ ಎನ್ನುವುದಿಲ್ಲ. ಆದರೆ ಗುಂಡಿ ಯಾರ ಕೈಯಲ್ಲಿರುತ್ತದೆ ಎಂದು ಕೇಳಿಕೊಂಡು ಕೊಳ್ಳಿ.

೨೦೨೨ರ ಆಗಸ್ಟ್ ೩೦. ಕೊಲೊರಾಡೊ ರಾಜ್ಯದಲ್ಲಿ ಸುಡುಬಿಸಿಲು. ಕರೆಂಟ್ ಕಂಪನಿಯ ರಿಯಾಯಿತಿ ಯೋಜನೆಗೆ ಸಹಿ ಹಾಕಿದ್ದ ಸುಮಾರು ೨೨,೦೦೦ ಗ್ರಾಹಕರು ತಮ್ಮ ಮನೆಯ ಪೆಟ್ಟಿಗೆ ಒತ್ತಿದರು. ಅದು ಮಾತು ಕೇಳಲಿಲ್ಲ! ಕಂಪನಿ ಅದನ್ನು ಹಿಡಿದಿಟ್ಟಿತ್ತು. ಸಹಿ ಹಾಕಿದ್ದು ಅವರೇ, ನಿಜ. ಕರೆಂಟ್ ಕೊರತೆ ಇದ್ದದ್ದೂ ನಿಜ. ಆದರೆ ಸಣ್ಣ ಅಕ್ಷರ ಓದಿ ಸಹಿ ಹಾಕಿದವರೆಷ್ಟು? ಇನ್ನು ಗೂಗಲ್ ಏನು ಮಾಡಿತು? ೨೦೧೧ ಮತ್ತು ೨೦೧೨ರ ನೆಸ್ಟ್ ಪೆಟ್ಟಿಗೆಗಳಿಗೆ ೨೦೨೫ರ ಅಕ್ಟೋಬರ್ ೨೫ರಿಂದ ಫೋನ್ ಸಂಪರ್ಕ ಕಡಿದುಹಾಕಿತು. ಗೋಡೆ ಮೇಲೆ ಕೈಯಿಂದ ತಿರುಗಿಸಿದರೆ ಅವು ಕೆಲಸ ಮಾಡುತ್ತವೆ. ಆದರೆ ಯಾವ ಸೌಲಭ್ಯಕ್ಕಾಗಿ ಜನ ದುಡ್ಡು ಸುರಿದರೋ ಅದೇ ಹೋಯಿತು.

ಇತಿಹಾಸ ನೋಡಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಊರಿನಲ್ಲಿ ವಾರೆನ್ ಜಾನ್ಸನ್ ಎಂಬ ಮೇಷ್ಟ್ರಿದ್ದರು. ಪಾಠದ ನಡುವೆ ಜವಾನ ಬಂದು ಕೋಣೆಯ ಶಾಖ ನೋಡಿ, ಕೆಳಗಿಳಿದು ಹೋಗಿ ಸರಿಮಾಡುತ್ತಿದ್ದ. ಮೇಷ್ಟ್ರು ಇದಕ್ಕೆ ಬೇಸತ್ತು ಕೋಣೆಯಿಂದಲೇ ಕೆಳಗೆ ಸುದ್ದಿ ಮುಟ್ಟಿಸುವ ವಿದ್ಯುತ್ ಥರ್ಮೋಸ್ಟಾಟ್ ಮಾಡಿದರು. ೧೮೮೩ರಲ್ಲಿ ಪೇಟೆಂಟ್ ಪಡೆದರು. ಅಂದರೆ ಈ ಪೆಟ್ಟಿಗೆ ಹುಟ್ಟಿದ್ದೇ ಕೋಣೆಯಲ್ಲಿ ಕೂತವರ ಮಾತು ಕೇಳಲಿ ಎಂದು!

ನಾವು ಕೊನೆಗೆ ತಂದದ್ದು ದೊಡ್ಡ ಅಂಕಿಯ, ಮೂರೇ ಗುಂಡಿಯ, ಹೀಟ್ ಪಂಪಿಗೆಂದೇ ಮಾಡಿದ, ಹೊರಗಿನ ಸೆನ್ಸರ್ ಇರುವ ಪೆಟ್ಟಿಗೆ. ಗಾಜಿನ ಮುಖ ಇರಲಿಲ್ಲ.

ಕೂರಿಸುವ ಕೆಲಸ

ಹೊರಗಿನ ಯಂತ್ರಕ್ಕೊಂದು, ಒಳಗಿನದಕ್ಕೊಂದು ಬ್ರೇಕರ್ ಇರುತ್ತದೆ. ಎರಡನ್ನೂ ಆರಿಸಿ. ತಂತಿ ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ. ಪ್ರತಿ ತಂತಿಗೂ ಚೀಟಿ ಅಂಟಿಸಿ. ಬಣ್ಣ ನಂಬಬೇಡಿ, ಅಕ್ಷರ ನಂಬಿ. ನಮ್ಮಲ್ಲಿ ಆದಂತೆ ಅಕ್ಷರದ ಮೇಲೂ ಅನುಮಾನ ಬಂದರೆ ಒಳಗಿನ ಯಂತ್ರದ ಬೋರ್ಡಿನಲ್ಲಿ ಯಾವ ತಂತಿ ಎಲ್ಲಿಗೆ ಹೋಗಿದೆ ಎಂದು ನೋಡಿ. ಪೆಟ್ಟಿಗೆ ನೆಲದಿಂದ ಸುಮಾರು ಐದಡಿ ಎತ್ತರದಲ್ಲಿ, ಒಳಗೋಡೆಯ ಮೇಲೆ ಇರಲಿ. ಬಿಸಿಲು, ಅಡುಗೆಮನೆ, ಗಾಳಿ ಬರುವ ಕಿಂಡಿ, ಬಾಗಿಲು ಇವುಗಳ ಹತ್ತಿರ ಬೇಡ. ತಂತಿ ಬರುವ ತೂತನ್ನು ಮುಚ್ಚಿ. ಇಲ್ಲದಿದ್ದರೆ ಗೋಡೆಯೊಳಗಿನ ಗಾಳಿ ಅದಕ್ಕೆ ಸುಳ್ಳು ಹೇಳುತ್ತದೆ.

ಆಮೇಲೆ ಸೆಟ್ಟಿಂಗ್. 'ಹೀಟ್ ಪಂಪ್' ಎಂದೇ ಆರಿಸಿ. ವಾಲ್ವು 'ಓ' ತರಹದ್ದಾದರೆ ತಂಪಿಗೆ ಕರೆಂಟ್, 'ಬಿ' ತರಹದ್ದಾದರೆ ಬಿಸಿಗೆ ಕರೆಂಟ್. ಬಿಸಿ ಕೇಳಿ ಐದು ನಿಮಿಷ ಕಾಯಿರಿ, ಕಂಪ್ರೆಸರ್ ತಡವಾಗಿಯೇ ಏಳುತ್ತದೆ. ತಣ್ಣನೆ ಗಾಳಿ ಬಂದರೆ 'ಓ', 'ಬಿ' ಅದಲುಬದಲಾಗಿದೆ ಎಂದರ್ಥ. ಹೊರಗೆ ಹೋಗಿ ಫ್ಯಾನ್ ತಿರುಗುತ್ತಿದೆಯೇ ಎಂದು ಕಣ್ಣಾರೆ ನೋಡಿ. ಆಗಾಗ ಅದು ಹಿಮ ಕರಗಿಸಲು ನಿಂತು ಹಬೆ ಬಿಡುತ್ತದೆ, ಹೆದರಬೇಡಿ. 'ಎಮರ್ಜೆನ್ಸಿ ಹೀಟ್' ಗುಂಡಿ ಮುಟ್ಟಬೇಡಿ. ಅದು ಕಂಪ್ರೆಸರ್ ನಿಲ್ಲಿಸಿ ಬರೀ ಕಾಯಿಲ್ ಉರಿಸುತ್ತದೆ. ಹೊರಗಿನ ಯಂತ್ರ ಕೆಟ್ಟಾಗ ಮಾತ್ರ ಅದರ ಕೆಲಸ.

ನಾವು ೩೫ ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಮೇಲಿದ್ದರೆ ಕಾಯಿಲ್ ಬೇಡ ಎಂದು ಕಟ್ಟಿದೆವು. ಮನೆ ಮನೆಗೆ ಈ ಅಂಕಿ ಬೇರೆಯಾಗುತ್ತದೆ, ನೋಡಿಕೊಂಡು ತಿದ್ದಬೇಕು. ರಾತ್ರಿ ಹತ್ತು ಡಿಗ್ರಿ ಇಳಿಸಿ ಬೆಳಗ್ಗೆ ಒಮ್ಮೆಲೇ ಏರಿಸಿದರೆ ಕಾಯಿಲಿಗೆ ಹಬ್ಬ. ಎರಡು ಮೂರು ಡಿಗ್ರಿಗಿಂತ ಹೆಚ್ಚು ಆಡಿಸಬೇಡಿ.

ಅಮ್ಮನಿಗೆ ಬೀಗ ಹಾಕುತ್ತೀರಾ?

ಎಲ್ಲ ಸರಿಹೋಯಿತು ಅಂದುಕೊಂಡೆವು. ಮಾರನೆಯ ದಿನ ಅಮ್ಮ ಗಾಳಿ ಕಿಂಡಿಗೆ ಕೈಯೊಡ್ಡಿ "ಇದೇನೋ, ಬಿಸೀನೇ ಇಲ್ಲ!" ಎಂದರು. ನಿಜ. ಕಾಯಿಲ್‌ನ ಗಾಳಿಯಷ್ಟು ಹೀಟ್ ಪಂಪಿನ ಗಾಳಿ ಬಿಸಿ ಇರುವುದಿಲ್ಲ. ಉಗುರುಬೆಚ್ಚಗಿರುತ್ತದೆ, ಬಹಳ ಹೊತ್ತು ಬರುತ್ತದೆ. ಅಮ್ಮ ಗುಂಡಿ ಒತ್ತಿ ೬೮ ಇದ್ದದ್ದನ್ನು ೭೮ ಮಾಡಿದರು. ಅವತ್ತು ಹೊರಗೆ ೩೫ಕ್ಕಿಂತ ಕಡಿಮೆ ಇತ್ತು. ಕಾಯಿಲ್ ಧಗ್ಗೆಂದಿತು.

ತಮ್ಮ ಮೆಲ್ಲಗೆ ಹೇಳಿದ: "ಅಣ್ಣ, ಪಾಸ್‌ವರ್ಡ್ ಹಾಕಿಬಿಡೋಣ."

ನನಗೆ ಮೈ ಉರಿಯಿತು. ಬಾಣಲೆ ಹಿಡಿದು ನಮ್ಮಿಬ್ಬರನ್ನೂ ಸಾಕಿದವಳಿಗೆ ಮನೆಯ ಶಾಖದ ಮೇಲೆ ಬೀಗವೇ? ತಪ್ಪು ಅಮ್ಮನದಲ್ಲ. ಪೆಟ್ಟಿಗೆಯ ಜೊತೆ ಬಂದ ಪುಸ್ತಕ ಇಂಗ್ಲಿಷಿನದು. ಅದನ್ನು ಓದಬಲ್ಲ ನಾವಿಬ್ಬರೂ ಅವರಿಗೆ ಒಂದು ಮಾತು ಹೇಳಲಿಲ್ಲ. ತಪ್ಪು ನಮ್ಮದು!

ಅಡುಗೆಮನೆಯಲ್ಲಿ ಕೂತು ಹೇಳಿದೆ: "ಅಮ್ಮ, ಈ ಯಂತ್ರ ಸಣ್ಣ ಉರಿ ಒಲೆ. ಉರಿ ಜೋರು ಮಾಡಿದ್ರೆ ಬೇಗ ಬೇಯಲ್ಲ, ಸೌದೆ ದಂಡ ಅಷ್ಟೇ."

ಅಮ್ಮ ನಕ್ಕರು. "ಸಣ್ಣ ಉರೀಲಿ ಇಡಬೇಕು ಅಂತ ಮೊದ್ಲೇ ಹೇಳೋಕೆ ಏನಾಗಿತ್ತೋ ನಿಮಗೆ?"

ಒಂದು ರಟ್ಟಿನ ಚೂರಿನಲ್ಲಿ ದಪ್ಪ ಕನ್ನಡ ಅಕ್ಷರದಲ್ಲಿ ಮೂರು ಸಾಲು ಬರೆದು ಪೆಟ್ಟಿಗೆಯ ಪಕ್ಕ ಅಂಟಿಸಿದೆವು. ೬೮ರಲ್ಲಿ ಇರಲಿ. ಚಳಿ ಅನ್ನಿಸಿದರೆ ಒಂದೇ ಒಂದು ಡಿಗ್ರಿ ಏರಿಸಿ ಅರ್ಧ ಗಂಟೆ ಕಾಯಿರಿ. ಇಂಥ ಗುರುತು ಬಹಳ ಹೊತ್ತು ಕಂಡರೆ ನಮ್ಮನ್ನು ಕೂಗಿ. ಕಾಯಿಲ್ ಉರಿಯುವಾಗ ಪೆಟ್ಟಿಗೆಯ ಮೇಲೆ ಮೂಡುವ ಗುರುತಿನ ಚಿತ್ರವನ್ನೂ ಬರೆದೆವು. ಅಲ್ಲಿಂದ ಮುಂದೆ ಆ ಮನೆಯ ಕಾವಲುಗಾರ ಅಮ್ಮನೇ. "ನಿನ್ ರಾಕ್ಷಸ ಎದ್ದವ್ನೆ ನೋಡೋ" ಎಂದು ತಮ್ಮನನ್ನು ಆಫೀಸು ಮೀಟಿಂಗಿನಿಂದ ಎಬ್ಬಿಸುತ್ತಿದ್ದರು!

ಯುವಕರೇ, ಇದು ಅಮೆರಿಕದ ಕಥೆ, ನಮಗೇನು ಅನ್ನಬೇಡಿ. ಬೇಗ ತಂಪಾಗಲಿ ಎಂದು ಎ.ಸಿ.ಯನ್ನು ೧೮ಕ್ಕೆ ಇಳಿಸುವ ಬೆಂಗಳೂರಿನ ಹುಡುಗರು ಮಾಡುವುದು ಅಮ್ಮ ಮಾಡಿದ್ದನ್ನೇ. ೨೦೨೦ರ ಜನವರಿಯಿಂದ ನಮ್ಮ ದೇಶದಲ್ಲಿ ತಯಾರಾಗುವ ಸ್ಟಾರ್ ಗುರುತಿನ ಕೋಣೆ ಎ.ಸಿ.ಗಳು ಮೊದಲೇ ೨೪ಕ್ಕೆ ನಿಂತಿರಬೇಕು ಎಂದು ಸರ್ಕಾರ ನಿಯಮ ಮಾಡಿದೆ. ಒಂದೊಂದು ಡಿಗ್ರಿ ಏರಿಸಿದರೂ ಶೇಕಡಾ ೬ರಷ್ಟು ಕರೆಂಟ್ ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ನಿಮ್ಮ ಮನೆಯಲ್ಲಿ ಇದನ್ನು ಅಜ್ಜಿಗೆ ಯಾರಾದರೂ ಹೇಳಿದ್ದೀರಾ? ರಿಮೋಟ್ ಬಚ್ಚಿಟ್ಟಿದ್ದೀರಿ, ಅಷ್ಟೇ!

ಯಂತ್ರ ಕೊಳ್ಳುವ ಮುಂಚೆ ತಂತಿ ನೋಡಿ. ಕೂರಿಸಿದ ಮೇಲೆ ಹೊರಗೆ ಹೋಗಿ ಅದು ಓಡುತ್ತಿದೆಯೇ ನೋಡಿ. ಆಮೇಲೆ ಒಂದು ರಟ್ಟು, ಒಂದು ಪೆನ್ನು ತನ್ನಿ. ಆ ಮನೆಯಲ್ಲಿ ಹಗಲೆಲ್ಲ ಇರುವವರಿಗೆ ಅರ್ಥವಾಗುವ ಹಾಗೆ ಅವರ ಮಾತಿನಲ್ಲೇ ಮೂರು ಸಾಲು ಬರೆದು ಅಂಟಿಸಿ. ತಮ್ಮನ ಮುಂದಿನ ಬಿಲ್ ಅರ್ಧಕ್ಕಿಳಿಯಿತು. ಪಾಸ್‌ವರ್ಡ್ ಹಾಕಲೇ ಇಲ್ಲ.