ಥರ್ಮೋಸ್ಟ್ಯಾಟ್ ಕಿತ್ತೊಗೆಯುವ ರೂಢಿ ನಿಲ್ಲಲಿ

ಒಣಮೆಣಸಿನಕಾಯಿ ಹಂಗಾಮು ಬಂತೆಂದರೆ ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯಿಂದ ಬ್ಯಾಡಗಿ ಪೇಟೆಗೆ ಹೊರಟ ಹಳೆಯ ಲಾರಿಗಳು ರಸ್ತೆಯ ಬದಿಗೆ ಉಗಿ ಬಿಡುತ್ತ ನಿಂತಿರುವುದು ನಮಗೆ ಹೊಸ ನೋಟವಲ್ಲ. ಬೀಜ, ಗೊಬ್ಬರ, ಕೀಟಗಳ ಬಗ್ಗೆ ಹೇಳಬೇಕಾದ ಕೃಷಿ ಅಧಿಕಾರಿಗೆ ಲಾರಿಯ ಗೊಡವೆ ಏಕೆಂದು ಓದುಗರು ಕೇಳಬಹುದು. ಮಾಲು ಪೇಟೆ ಮುಟ್ಟುವವರೆಗೆ ಒಕ್ಕಲುತನ ಮುಗಿಯುವುದಿಲ್ಲ. ಅಲ್ಲದೆ ಈಗ ಅನೇಕ ಊರುಗಳಲ್ಲಿ ಅಣ್ಣತಮ್ಮಂದಿರು ಕೂಡಿ ಹಳೆಯ ಟಾಟಾ 407 ಗಾಡಿಯನ್ನೋ, ಅದಕ್ಕಿಂತ ದೊಡ್ಡ ಹಳೆಯ ಲಾರಿಯನ್ನೋ ಕೊಂಡು ತಮ್ಮ ಮಾಲನ್ನು ತಾವೇ ಸಾಗಿಸುತ್ತಿದ್ದಾರೆ. 407 ಗಾಡಿ ಪೇಟೆಗೆ ಬಂದದ್ದು 1986ರಲ್ಲಿ. ಅದರ ಹಳೆಯ ಗಾಡಿಗಳು ಇಂದಿಗೂ ನಮ್ಮ ರಸ್ತೆಗಳಲ್ಲಿ ದುಡಿಯುತ್ತಿವೆ.

ಕಳೆದ ಹಂಗಾಮಿನಲ್ಲಿ ಸವಣೂರ ರಸ್ತೆಯಲ್ಲಿ ಇಂಥದೊಂದು ಗಾಡಿ ನಿಂತಿತ್ತು. ಮೆಣಸಿನಕಾಯಿ ಚೀಲ ತುಂಬಿದ್ದವು. ಎಂಜಿನ್ ಕಾದು ಕುದಿದಾಗ ಗಾಬರಿಯಾದ ಕ್ಲೀನರ್ ಹುಡುಗ ಅದಕ್ಕೆ ತಣ್ಣೀರು ಸುರಿದಿದ್ದ; ಹೆಡ್ ಸೀಳಿತ್ತು. ಮಾಲಕರಾದ ಹಿರಿಯರನ್ನು ಥರ್ಮೋಸ್ಟ್ಯಾಟ್ ಹೇಗಿದೆ ಎಂದು ಕೇಳಿದೆ. "ಅದನ್ನ ತಗದು ಒಗದು ನಾಕು ವರ್ಷ ಆತ್ರೀ ಸಾಹೇಬ್ರ. ಈ ಬಿಸಿಲ ನಾಡಿಗೆ ಅದು ಬ್ಯಾಡ ಅಂತ ಮಿಸ್ತ್ರಿ ಹೇಳಿದ್ದ" ಎಂದರು. ಆ ಮಾಲು ಮರುದಿನ ಬೇರೆ ಗಾಡಿಯಲ್ಲಿ ಹೋಯಿತು. ಅವರು ಹೆಡ್ ರಿಪೇರಿಗೆ ತೆತ್ತದ್ದು ಹತ್ತಾರು ಸಾವಿರ. ಥರ್ಮೋಸ್ಟ್ಯಾಟಿನ ಬೆಲೆಯಾದರೋ ಕೆಲವು ನೂರು ರೂಪಾಯಿ ಮಾತ್ರ.

"ಬಿಸಿಲ ನಾಡಿಗೆ ಬೇಡ" ಎಂಬ ಈ ಮಾತು ನಮ್ಮ ಗ್ಯಾರೇಜುಗಳಲ್ಲಿ ಗಾದೆಯಂತೆ ನಡೆದಿದೆ. ಲೆಕ್ಕ ಹಾಕಿ ನೋಡಿರಿ. ಮುಂಡರಗಿಯ ಏಪ್ರಿಲ್ ಬಿಸಿಲೆಂದರೂ 40 ಡಿಗ್ರಿಯ ಆಸುಪಾಸು. ಡೀಸೆಲ್ ಎಂಜಿನ್ ಸರಿಯಾಗಿ ದುಡಿಯಲು ಅದರ ನೀರು 80ರಿಂದ 90 ಡಿಗ್ರಿ ಇರಬೇಕು. ನಮ್ಮ ಬಿಸಿಲು ಅದರ ಅರ್ಧಕ್ಕೆ ನಿಂತಿತು! ಇನ್ನು ಮೆಣಸಿನಕಾಯಿ ಹೇರಿಕೊಂಡು ಜನವರಿಯ ನಸುಕಿನಲ್ಲಿ ಹೊರಡುವ ಗಾಡಿಯ ಮಾತು ಹೇಳುವುದೇ ಬೇಡ.

ಥರ್ಮೋಸ್ಟ್ಯಾಟ್ ಎಂಬುದು ಎಂಜಿನ್ನಿನಿಂದ ರೇಡಿಯೇಟರಿಗೆ ನೀರು ಹೋಗುವ ಬಾಯಿಯಲ್ಲಿ ಕೂತ ಸಣ್ಣ ಬಾಗಿಲು. ಅದರ ಹಿತ್ತಾಳೆಯ ಡಬ್ಬಿಯೊಳಗೆ ಮೇಣವಿರುತ್ತದೆ. ಎಂಜಿನ್ ತಣ್ಣಗಿದ್ದಾಗ ಬಾಗಿಲು ಮುಚ್ಚಿರುತ್ತದೆ, ನೀರು ಎಂಜಿನ್ನಿನಲ್ಲಿಯೇ ಸುತ್ತಿ ಬೇಗ ಕಾಯುತ್ತದೆ. ಮೇಣ ಕರಗಿ ಉಬ್ಬಿದಾಗ ಬಾಗಿಲು ತೆರೆದು ನೀರು ರೇಡಿಯೇಟರಿಗೆ ಹರಿಯುತ್ತದೆ. ಎಷ್ಟು ಡಿಗ್ರಿಗೆ ತೆರೆಯಬೇಕೆಂಬುದನ್ನು ಅದರ ಮೇಲೆಯೇ ಕೊರೆದಿರುತ್ತಾರೆ.

ಇದನ್ನು ಕಿತ್ತರೆ ಎಂಜಿನ್ ಸದಾ ತಣ್ಣಗಿದ್ದು ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಬಿಳಿ ಹೊಗೆ ಬರುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ. ಉರಿಯದೆ ಉಳಿದ ಡೀಸೆಲ್ ಲೈನರಿನ ಮೇಲಿನ ಎಣ್ಣೆಯ ಪದರವನ್ನು ತೊಳೆದು ಕೆಳಗಿಳಿದು ಎಂಜಿನ್ ಆಯಿಲ್ಲಿಗೆ ಸೇರುತ್ತದೆ. ಲೈನರು, ರಿಂಗು ಬೇಗ ಸವೆಯುತ್ತವೆ. ಇನ್ನೊಂದು ಮಾತನ್ನು ಮಿಸ್ತ್ರಿಗಳು ಒಪ್ಪುವುದು ಕಷ್ಟ. ಅನೇಕ ಲಾರಿ ಎಂಜಿನ್ನುಗಳಲ್ಲಿ ಥರ್ಮೋಸ್ಟ್ಯಾಟ್ ತೆರೆದಾಗ ಒಳಗಿನ ಅಡ್ಡದಾರಿಯನ್ನೂ ಅದೇ ಮುಚ್ಚುತ್ತದೆ. ಅದಿಲ್ಲದಿದ್ದರೆ ಕಾದ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಿಂದಲೇ ಮತ್ತೆ ಪಂಪಿಗೆ ಬರುತ್ತದೆ. ಬರಿ ಗಾಡಿಯಲ್ಲಿ ಇದು ತಿಳಿಯುವುದಿಲ್ಲ. ಉಳ್ಳಾಗಡ್ಡಿ ಹೇರಿಕೊಂಡು ಕಪ್ಪತಗುಡ್ಡದ ಸೆರಗಿನ ಏರು ಹತ್ತುವಾಗ ಕುದಿಯತೊಡಗುತ್ತದೆ. ಕಾಯಬಾರದೆಂದು ಕಿತ್ತೊಗೆದದ್ದೇ ಕಾಯಲು ಕಾರಣವಾಗುತ್ತದೆ.

ಹಾಗೆಂದು ಗಾಡಿ ಕಾದಾಗಲೆಲ್ಲ ಥರ್ಮೋಸ್ಟ್ಯಾಟಿನದೇ ತಪ್ಪೆಂದು ತಿಳಿಯತಕ್ಕದ್ದಲ್ಲ. ಮೊದಲು ನೀರಿನ ಮಟ್ಟ ನೋಡಬೇಕು, ಫ್ಯಾನ್ ಬೆಲ್ಟು ಸಡಿಲಾಗಿದೆಯೇ ನೋಡಬೇಕು. ಕಣದಲ್ಲಿ ಓಡಾಡಿದ ಗಾಡಿಯಾದರೆ ರೇಡಿಯೇಟರಿನ ಸಂದುಗಳಲ್ಲಿ ಶೇಂಗಾ ಹೊಟ್ಟು, ಕಡಲೆ ಹೊಟ್ಟು ತುಂಬಿಕೊಂಡಿರುತ್ತದೆ. ನಾನು ಕಂಡ ಕಾದ ಗಾಡಿಗಳಲ್ಲಿ ಅರ್ಧಕ್ಕರ್ಧ ಇದೇ ದೋಷ. ಇವೆಲ್ಲ ಸರಿಯಿದ್ದು, ಸ್ವಲ್ಪ ದೂರದಲ್ಲಿಯೇ ಮುಳ್ಳು ಕೆಂಪಿಗೆ ಏರಿ, ರೇಡಿಯೇಟರಿಗೆ ಹೋಗುವ ಮೇಲಿನ ಹೋಸ್ ಪೈಪು ಮಾತ್ರ ತಣ್ಣಗೇ ಇದ್ದರೆ ಥರ್ಮೋಸ್ಟ್ಯಾಟ್ ಮುಚ್ಚಿಕೊಂಡು ಸಿಕ್ಕಿದೆ ಎಂದು ಶಂಕಿಸಬೇಕು. ಪೈಪು ಮುಟ್ಟುವಾಗ ಫ್ಯಾನಿನಿಂದ ಕೈ ದೂರವಿರಲಿ. ಇದಕ್ಕೆ ಬದಲಾಗಿ ಹತ್ತಾರು ಕಿಲೋಮೀಟರ್ ಓಡಿದರೂ ಮುಳ್ಳು ಮೇಲೇಳದೆ, ಚಾಲೂ ಮಾಡಿದ ತುಸು ಹೊತ್ತಿನಲ್ಲೇ ಮೇಲಿನ ಪೈಪು ಉಗುರುಬೆಚ್ಚಗಾದರೆ ಅದು ತೆರೆದುಕೊಂಡು ಸಿಕ್ಕಿದೆ, ಇಲ್ಲವೆ ಯಾರೋ ತೆಗೆದೊಗೆದಿದ್ದಾರೆ.

ಶಂಕೆ ತೀರಿಸಿಕೊಳ್ಳಲು ಒಲೆ ಮತ್ತು ಬೋಗುಣಿ ಸಾಕು. ಥರ್ಮೋಸ್ಟ್ಯಾಟನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ತಣ್ಣಗಿರುವಾಗ ಬಾಯಿ ಬಿಗಿಯಾಗಿ ಮುಚ್ಚಿರಬೇಕು. ಬಾಯಿಯನ್ನು ತುಸು ಅದುಮಿ ತೆರೆದು ಒಂದು ದಾರ ಸಿಕ್ಕಿಸಿ, ಆ ದಾರದಿಂದಲೇ ನೀರಿನಲ್ಲಿ ಇಳಿಬಿಡಿರಿ. ತಳಕ್ಕೆ ತಾಗಬಾರದು. ನೀರು ಕಾಯುತ್ತ ಹೋದಂತೆ ಬಾಯಿ ತೆರೆದ ಕ್ಷಣಕ್ಕೆ ಅದು ದಾರ ಬಿಟ್ಟು ಕೆಳಗೆ ಬೀಳುತ್ತದೆ. ಆಗಿನ ಶಾಖವನ್ನು ಕೊರೆದ ಅಂಕಿಯೊಡನೆ ಹೋಲಿಸಿರಿ. ಹೈಸ್ಕೂಲಿನ ಪ್ರಯೋಗಶಾಲೆಯ ಥರ್ಮಾಮೀಟರು ಸಿಕ್ಕರೆ ಒಳ್ಳೆಯದು. ದನದ ಜ್ವರ ನೋಡುವುದನ್ನು ಹಾಕಿದರೆ ಒಡೆದೀತು! ಥರ್ಮಾಮೀಟರೇ ಸಿಗದಿದ್ದರೆ ನೀರನ್ನು ಕುದಿಸಿರಿ. ಗದಗು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿರುವುದರಿಂದ ನಮ್ಮಲ್ಲಿ ನೀರು ಸುಮಾರು 98 ಡಿಗ್ರಿಗೆ ಕುದಿಯುತ್ತದೆ. ಕುದಿನೀರಿನಲ್ಲಿಯೂ ಅಗಲವಾಗಿ ಬಾಯಿ ಬಿಡದ, ಆರಿದ ಮೇಲೆ ಪೂರ್ತಿ ಮುಚ್ಚದ ಥರ್ಮೋಸ್ಟ್ಯಾಟ್ ಕೆಟ್ಟಿದೆ. ಅದನ್ನು ರಿಪೇರಿ ಮಾಡುವಂತಿಲ್ಲ, ಬದಲಿಸಬೇಕು.

ಬದಲಿಸುವ ಕೆಲಸ ಎಂಜಿನ್ ಪೂರ್ತಿ ಆರಿದ ಮೇಲೆಯೇ ಆಗಬೇಕು. ಕಾದಾಗ ರೇಡಿಯೇಟರಿನ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡವರು ಎಲ್ಲ ಊರಲ್ಲಿಯೂ ಇದ್ದಾರೆ. ಕೆಳಗಿನಿಂದ ಸ್ವಲ್ಪ ನೀರು ಇಳಿಸಿ, ಮೇಲಿನ ಪೈಪು ಕೂಡುವ ಮುಚ್ಚಳದ ಬೋಲ್ಟು ಬಿಚ್ಚಿದರೆ ಥರ್ಮೋಸ್ಟ್ಯಾಟ್ ಕಾಣುತ್ತದೆ. ಹಳೆಯದು ಯಾವ ಮುಖವಾಗಿ ಕೂತಿತ್ತೆಂದು ನೋಡಿಟ್ಟುಕೊಳ್ಳಿರಿ. ಮೇಣದ ಡಬ್ಬಿ ಎಂಜಿನ್ನಿನ ಕಡೆಗಿರಬೇಕು. ಗಾಳಿ ಹೋಗುವ ಸಣ್ಣ ತೂತಿದ್ದರೆ ಅದು ಮೇಲಕ್ಕೆ ಬರಬೇಕು. ಹೊಸದು ಅದೇ ಎಂಜಿನ್ನಿಗೆ ಒಪ್ಪುವ, ಅದೇ ಡಿಗ್ರಿಯದಾಗಿರಲಿ. ಹಳೆಯ ಪ್ಯಾಕಿಂಗನ್ನು ಕೆರೆದು ತೆಗೆದು ಹೊಸದು ಹಾಕಿರಿ. ಮುಚ್ಚಳ ಅಲ್ಯೂಮಿನಿಯಮ್ಮಿನದಾದರೆ ಪಾನಾದ ಮೇಲೆ ಪೌರುಷ ತೋರಿಸಬಾರದು, ಸೀಳುತ್ತದೆ. ಆಮೇಲೆ ನಿಧಾನವಾಗಿ ನೀರು ತುಂಬಿ, ತಣ್ಣನೆಯ ಎಂಜಿನ್ನನ್ನು ಮುಚ್ಚಳ ತೆರೆದಿಟ್ಟೇ ಚಾಲೂ ಮಾಡಿ ದೂರ ನಿಲ್ಲಿರಿ. ಥರ್ಮೋಸ್ಟ್ಯಾಟ್ ತೆರೆದಾಗ ಒಳಗಿನ ಗಾಳಿ ಹೊರಬಂದು ಮಟ್ಟ ಇಳಿಯುತ್ತದೆ. ಆಗ ಮತ್ತಷ್ಟು ತುಂಬಿ ಮುಚ್ಚಿರಿ.

ಹೊಸ ಥರ್ಮೋಸ್ಟ್ಯಾಟ್ ಬೇಗ ಕೆಡುವುದಕ್ಕೆ ನಮ್ಮ ಸೀಮೆಯ ನೀರೂ ಕಾರಣ. ಮುಂಡರಗಿ, ಶಿರಹಟ್ಟಿ ಭಾಗದ ಬೋರಿನ ನೀರು ಗಡಸು. ಕುದಿಸಿದ ಪಾತ್ರೆಗೆ ಬಿಳಿ ಪೊರೆ ಕಟ್ಟುವುದನ್ನು ಮನೆಯ ಹೆಣ್ಣುಮಕ್ಕಳನ್ನು ಕೇಳಿದರೆ ಹೇಳುತ್ತಾರೆ. ಅದೇ ಪೊರೆ ರೇಡಿಯೇಟರಿನ ನಳಿಗೆಗಳಲ್ಲಿಯೂ ಥರ್ಮೋಸ್ಟ್ಯಾಟಿನ ಸಂದಿನಲ್ಲಿಯೂ ಕಟ್ಟುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದೆರಡು ಕ್ಯಾನು ತಂದು, ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಕೂಲಂಟ್ ಬೆರೆಸಿ ಹಾಕುವುದು ಉತ್ತಮ. ಬರೀ ಘಟಕದ ನೀರಾದರೆ ತುಕ್ಕು ಹಿಡಿದೀತು.

ಇದೆಲ್ಲ ಗೊತ್ತಿದ್ದರೂ ಹಂಗಾಮಿನ ನಡುವೆ ಸಾಮಾನು ಸಿಗದೆ ಮಿಸ್ತ್ರಿ ಕಿತ್ತೊಗೆಯುತ್ತಾನೆ. ಅವನನ್ನಷ್ಟೇ ದೂರಿ ಫಲವಿಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿಯೇ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಗೊಬ್ಬರ, ಬೀಜ ಮಾರುವ ನಮ್ಮ ಸಂಘಗಳು ಊರಿನಲ್ಲಿರುವ ಗಾಡಿ, ಟ್ರ್ಯಾಕ್ಟರುಗಳನ್ನು ಎಣಿಸಿ, ಅವಕ್ಕೆ ಒಪ್ಪುವ ನಾಲ್ಕಾರು ಥರ್ಮೋಸ್ಟ್ಯಾಟು, ಪ್ಯಾಕಿಂಗು, ಫ್ಯಾನ್ ಬೆಲ್ಟುಗಳನ್ನು ಸುಗ್ಗಿಗೆ ಮುಂಚೆ ತರಿಸಿ ಇಟ್ಟರೆ ಎಷ್ಟು ಬಂಡವಾಳ ಹಿಡಿದೀತು? 2014ರ ನಂತರ ಹೋಬಳಿಗಳಿಗೆ ಬಂದ ಕೃಷಿ ಯಂತ್ರಧಾರೆ ಕೇಂದ್ರಗಳಿಗೂ ಈ ಮಾತು ಸಲ್ಲುತ್ತದೆ. ಬರುವ ಸರ್ವಸಾಧಾರಣ ಸಭೆಯಲ್ಲಿ ಸದಸ್ಯರು ಇದನ್ನು ಎತ್ತಬೇಕು.

ಕೊನೆಗೊಂದು ಎಚ್ಚರಿಕೆ. ಇಳಿಸಿದ ಹಳೆಯ ಕೂಲಂಟನ್ನು ಬೋಗುಣಿಯಲ್ಲಿ ಬಿಡಬಾರದು, ಹಿತ್ತಲ ಗಚ್ಚಿಗೂ ಚೆಲ್ಲಬಾರದು. ಅದು ರುಚಿಗೆ ಸಿಹಿ, ಆದರೆ ವಿಷ. ನಾಯಿಯಾಗಲಿ ಕರುವಾಗಲಿ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತದೆ. ಮುಚ್ಚಳವಿರುವ ಡಬ್ಬಿಗೆ ತುಂಬಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ಪಟ್ಟಣಕ್ಕೆ ಹೋದಾಗ ಹಳೆಯ ಎಣ್ಣೆ ಕೊಳ್ಳುವ ಗ್ಯಾರೇಜಿನಲ್ಲಿ ಕೇಳಿ ಕೊಟ್ಟು ಬರಬೇಕು.